ಹೊಟ್ಟೆಬೇನೆಯ ಮನೆತನ

ಎರಡು ಸಾವಿರದ ಹದಿನೈದರ ದೀಪಾವಳಿ ಹೊತ್ತಿಗೆ ಔರಾದದಿಂದ ಬೀದರಿಗೆ ಬರುವ ಬಸ್ಸುಗಳು ಕಿಕ್ಕಿರಿದು ಬರುತ್ತಿದ್ದವು, ಮರಳಿ ಹೋಗುವಾಗ ಖಾಲಿ ಹೋಗುತ್ತಿದ್ದವು. ಮಳೆಯಿಲ್ಲದೆ ಸೋಯಾ ಕೈಕೊಟ್ಟಿತ್ತು, ತೊಗರಿ ಹೂವಿನಲ್ಲೇ ಒಣಗಿತ್ತು. ಜನ ಕೊಡ, ಹಂಚು, ಹಾಸಿಗೆಯ ಗಂಟು ಕಟ್ಟಿಕೊಂಡು ಬೀದರಿಗೆ ಬಂದು, ಅಲ್ಲಿಂದ ಹೈದರಾಬಾದಿಗೋ ಪುಣೆಗೋ ರೈಲು ಹತ್ತುತ್ತಿದ್ದರು. ಹೊತ್ತೇರುವ ಮುಂಚೆ ಬೀದರಿನಿಂದ ಔರಾದಕ್ಕೆ ಹೊರಡುತ್ತಿದ್ದ ಬಸ್ಸಿನಲ್ಲಿ ಹೆಚ್ಚೆಂದರೆ ಏಳೆಂಟು ಜನ ಇರುತ್ತಿದ್ದೆವು. ನಾನು ಅಲ್ಲಿಯ ಕಾಲೇಜಿಗೆ ಪಾಠ ಹೇಳಲು ಹೋಗುತ್ತಿದ್ದೆ. ಡ್ರೈವರ್ ಅಬ್ದುಲ ಗಫೂರ. ಕಂಡಕ್ಟರ್ ಕೇಶರಬಾಯಿ.

ಕೇಶರಬಾಯಿಗೆ ಆಗ ಮೂವತ್ತೊಂಬತ್ತು. ಸಣ್ಣ ಮೈಕಟ್ಟು, ಸೀರೆಯ ಮೇಲೆ ಖಾಕಿ ಕೋಟು, ಕೊರಳಿಗೆ ಟಿಕೆಟ್ ಮಷೀನು. ಅವರದು ಕಮಲನಗರದ ಕಡೆಯ ಒಂದು ಹಳ್ಳಿ. ಅಜ್ಜನ ಕಾಲದಲ್ಲೇ ಅವರ ಮನೆಯ ಗೋಡೆಗೆ ಬುದ್ಧನ ಚಿತ್ರ ಬಂದಿತ್ತು, ಅಪ್ಪ ಮಾಣಿಕ ಮಗಳನ್ನು ಹಟ ಹಿಡಿದು ಸಾಲೆಗೆ ಕಳಿಸಿದ್ದ. ಕಾಲೇಜು ಮುಗಿಯುವ ಮುಂಚೆ ಮದುವೆಯಾಯಿತು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದ. ಕೇಶರಬಾಯಿ ಒಂದು ಮಾತೂ ಆಡದೆ ಹೊರಬಿದ್ದು, ಕಂಡಕ್ಟರ್ ಪರೀಕ್ಷೆ ಪಾಸು ಮಾಡಿ, ಬೀದರಿನ ಮೈಲೂರಿನಲ್ಲಿ ಒಂದು ಖೋಲಿ ಹಿಡಿದರು. ಅವರಿಗೆಂದು ಉಳಿದವನು ತಮ್ಮ ಪಂಢರಿ ಒಬ್ಬನೇ. ಅವನು ಭಾಲ್ಕಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ, ಹೆಂಡತಿ ಮತ್ತು ಒಬ್ಬಳೇ ಮಗಳೊಂದಿಗೆ ಅಲ್ಲೇ ಇದ್ದ.

ಒಂದು ದಿನ ಬೀದರ ಊರು ದಾಟಿದ ಮೇಲೆ ಕೇಶರಬಾಯಿ ನನ್ನ ಕಡೆ ಟಿಕೆಟ್ ಕೊಡಲು ಬಂದರು. ಮಷೀನಿನ ಗುಂಡಿ ಒತ್ತಲು ಹೋದ ಬೆರಳು ಅಲ್ಲೇ ನಿಂತಿತು. ಮುಖ ಬೂದಿಯ ಬಣ್ಣಕ್ಕೆ ತಿರುಗಿ, ಸೀಟಿನ ಕಂಬಿ ಹಿಡಿಯಲು ಹೋಗಿ ಹಿಡಿಯಲಾರದೆ ಕೆಳಗೆ ಕುಸಿದರು. ಗಫೂರ ಕನ್ನಡಿಯಲ್ಲಿ ಅದನ್ನು ಕಂಡು ಬಸ್ಸನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿ ಓಡಿ ಬಂದರು.

"ಏನಾಯ್ತು ಬಾಯಿ?"

"ಏನಿಲ್ರಿ ಗಫೂರಭಾಯಿ. ಹೊಟ್ಟಿ."

"ಹೊಟ್ಟಿ ಹೊಟ್ಟಿ ಅಂತ ಒಂದ್ ವರ್ಷ ಆಯ್ತು. ಔರಾದ ಸ್ಟ್ಯಾಂಡಿನ್ಯಾಗ ಇಳದ್ರ ಹೊಳ್ಳಿ ಬರಲಕ್ಕ ಎಷ್ಟೊತ್ತು ಮಾಡ್ತೀರಿ, ನನಗ ಕಾಣಂಗಿಲ್ಲೇನು? ರಕ್ತ ಹೋಗ್ತದೇನು?"

ಏಳೆಂಟು ಜನರ ಮುಂದೆ ಕೇಳಿದ ಆ ಪ್ರಶ್ನೆಗೆ ಕೇಶರಬಾಯಿ ಕಣ್ಣು ಮುಚ್ಚಿಕೊಂಡರು. ಗಫೂರ ಮತ್ತೇನೂ ಕೇಳದೆ, ಔರಾದಕ್ಕೆ ಹೋಗುವವರಿಗೆಲ್ಲ ಹಿಂದೆ ಬರುವ ಬಸ್ಸು ಹತ್ತಲು ಹೇಳಿ, ಖಾಲಿ ಬಸ್ಸನ್ನು ಬೀದರಿನ ಆಸ್ಪತ್ರೆಗೆ ತಿರುಗಿಸಿದರು. ಅದಕ್ಕಾಗಿ ಡಿಪೋದಲ್ಲಿ ಅವರಿಗೆ ಮೆಮೋ ಕೊಟ್ಟರಂತೆ.

ಒಂದು ವರ್ಷದಿಂದ ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಇರಬೇಕು, ಬಸ್ಸಿನಲ್ಲಿ ಕುಲುಕಿ ಕುಲುಕಿ ಆಗಿರಬೇಕು ಎಂದು ಕೇಶರಬಾಯಿ ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಯಾರಿಗೆ? ಬೀದರಿನಲ್ಲಿ ರಕ್ತ ಏರಿಸಿ, ಇದು ಇಲ್ಲಿಯ ಕೆಲಸವಲ್ಲವೆಂದು ಹೈದರಾಬಾದಿಗೆ ಕಳಿಸಿದರು. ಅಲ್ಲಿ ಸಣ್ಣ ಕ್ಯಾಮರಾ ಇರುವ ನಳಿಗೆಯನ್ನು ಕರುಳಿಗೆ ಬಿಟ್ಟು ನೋಡಿದಾಗ ದೊಡ್ಡ ಕರುಳಿನ ಒಳಗೋಡೆಯ ತುಂಬ ಗುಳ್ಳೆಗಳಿದ್ದವು. ಪಡದೆಯ ಮೇಲೆ ಕೇಶರಬಾಯಿಯೂ ನೋಡಿದರು. ಜೋಳದ ತೆನೆಯ ಕಾಳಿನಂತೆ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು, ಎಣಿಸಲು ಬರುವಂತಿರಲಿಲ್ಲ. ಅವುಗಳಲ್ಲಿ ಒಂದು ಆಗಲೇ ಕ್ಯಾನ್ಸರಿಗೆ ತಿರುಗಲು ಹತ್ತಿತ್ತು.

ಮರುದಿನ ವಾರ್ಡಿಗೆ ಇನ್ನೊಬ್ಬ ಡಾಕ್ಟರು ಬಂದರು. ಹೆಸರು ಮುನೀರೋದ್ದೀನ. ಹುಟ್ಟಿದ್ದು ಬೀದರಿನ ಹಳೇ ಊರಿನಲ್ಲಿ, ಈಗ ಹೈದರಾಬಾದಿನ ಒಂದು ಪ್ರಯೋಗಶಾಲೆಯಲ್ಲಿ ಮನೆತನದಲ್ಲಿ ಇಳಿದು ಬರುವ ರೋಗಗಳ ಸಂಶೋಧನೆ ಅವರದು. ಕುರ್ಚಿ ಎಳೆದುಕೊಂಡು ಕೂತು ಕೇಳಿದರು.

"ನಿಮ್ಮ ಮನ್ಯಾಗ ಸಣ್ಣ ವಯಸ್ಸಿನ್ಯಾಗ ಯಾರ್ಯಾರು ಹೋಗ್ಯಾರ್ರಿ, ಬಾಯಿ?"

ಕೇಶರಬಾಯಿ ಹೇಳಿದರು. ಅಜ್ಜ ಎಪ್ಪತ್ತೆರಡರ ಬರಗಾಲದಲ್ಲಿ, ಸರಕಾರದವರು ಹಂಚಿದ ಕೆಂಪು ಜೋಳ ತಿಂದು ಕರುಳು ಕೆಟ್ಟು ಹೋದ. ಅಪ್ಪ ಮಾಣಿಕ ರಸ್ತೆ ಕೆಲಸದಲ್ಲಿದ್ದ, ಡಾಂಬರಿನ ಹೊಗೆ ಕುಡಿದು ಕುಡಿದು ಹೊಟ್ಟೆಯಲ್ಲಿ ಹುಣ್ಣಾಗಿ ಹೋದ. ಅಪ್ಪನ ಅಕ್ಕ ಬಾಣಂತನದಲ್ಲಿ ಪಥ್ಯ ಮಾಡದೆ ನೆತ್ತರು ಹೋಗಿ ಹೋಗಿ ಹೋದಳು. ಅಪ್ಪನ ತಮ್ಮ ಕಾಶೀರಾಮ ಅದೇ ಎಪ್ಪತ್ತೆರಡರಲ್ಲಿ, ಮೀಸೆ ಮೂಡುವ ವಯಸ್ಸಿನಲ್ಲಿ, ಮುಂಬಯಿ ಕಡೆ ಹೋದವನು ತಿರುಗಿ ಬರಲಿಲ್ಲ. ಅವನ ಸುದ್ದಿ ಗೊತ್ತಿಲ್ಲ.

ಡಾಕ್ಟರು ಬರೆದುಕೊಂಡದ್ದರ ಮೇಲೆ ಬೆರಳಾಡಿಸಿದರು. "ಯಾರೂ ನಲವತ್ತೈದು ದಾಟಿಲ್ಲ, ಹೌದಲ್ರಿ? ಎಲ್ಲಾರಿಗೂ ಬ್ಯಾನಿ ಒಂದೇ. ಕಾರಣ ಅಷ್ಟೇ ಬ್ಯಾರೆ ಬ್ಯಾರೆ ಹೇಳ್ಯಾರ."

ಆಮೇಲೆ ಅವರು ಬಿಡಿಸಿ ಹೇಳಿದರು. ಮೈಯ ಪ್ರತಿಯೊಂದು ಕಣದಲ್ಲಿ, ಅದು ಬೇಕಾಬಿಟ್ಟಿ ಬೆಳೆಯದಂತೆ ತಡೆಯುವ ಒಂದು ಜೀನ್ ಇರುತ್ತದೆ. ಅದರ ಎರಡು ಪ್ರತಿ, ತಂದೆಯಿಂದ ಒಂದು, ತಾಯಿಯಿಂದ ಒಂದು. "ಬಸ್ಸಿಗೆ ಎರಡು ಬ್ರೇಕ್ ಅವ ಅಂತ ತಿಳೀರಿ. ನಿಮ್ಮ ಮನೆತನದಾಗ ಒಂದು ಬ್ರೇಕ್ ಹುಟ್ಟಿದಾಗಿಂದನೇ ಫೇಲ್ ಅದ. ಇನ್ನೊಂದರ ಮ್ಯಾಲೆ ಗಾಡಿ ನಡೀತದ. ಕರುಳಿನ್ಯಾಗ ಎಲ್ಲೆಲ್ಲಿ ಆ ಎರಡನೇದೂ ಹೋಗ್ತದೋ, ಅಲ್ಲಲ್ಲಿ ಗುಳ್ಳಿ. ನೀವು ಮಾಡಿದ್ದಲ್ಲ, ತಿಂದಿದ್ದಲ್ಲ."

"ಮಕ್ಕಳಿಗೆ ಬರ್ತದೇನ್ರಿ?"

"ನಾಣ್ಯ ಚಿಮ್ಮಿದಂಗ. ಬಂದ್ರ ಬಂತು, ಇಲ್ಲಾಂದ್ರ ಇಲ್ಲ. ಬರದವರು ತಮ್ಮ ಮಕ್ಕಳಿಗೂ ಕೊಡಂಗಿಲ್ಲ. ಬಂದವರನ್ನ ಮೊದಲೇ ಹಿಡದ್ರ, ಗುಳ್ಳಿ ಕೆಡೋ ಮುಂಚೆ ಕರುಳು ತಗದ್ರ, ಅವರು ಮುದುಕರಾಗತನಕ ಬದುಕ್ತಾರ."

"ನನಗ ಮಕ್ಕಳಿಲ್ರಿ," ಎಂದರು ಕೇಶರಬಾಯಿ. ಹೇಳಿದ ಮೇಲೆ, ಅದನ್ನು ಕೊರತೆ ಎಂದು ಹೇಳಿದೆನೋ ನೆಮ್ಮದಿ ಎಂದು ಹೇಳಿದೆನೋ ತಮಗೇ ತಿಳಿಯಲಿಲ್ಲವೆಂದು ಎಷ್ಟೋ ಕಾಲದ ಮೇಲೆ ನನ್ನ ಮುಂದೆ ಅಂದರು.

"ತಮ್ಮ ಇದ್ದಾನಲ್ರಿ?" ಎಂದರು ಡಾಕ್ಟರು.

ಸಂಕ್ರಾಂತಿ ಆದಮೇಲೆ ಆಪರೇಷನ್ ಆಯಿತು. ದೊಡ್ಡ ಕರುಳನ್ನು ಪೂರ್ತಿ ತೆಗೆದು, ಸಣ್ಣ ಕರುಳಿನ ತುದಿಯಲ್ಲಿ ಒಂದು ಚೀಲದಂತೆ ಹೊಲಿದು ಕೆಳಗೆ ಜೋಡಿಸಿದರು. ಒಳಗಿನ ಹೊಲಿಗೆ ಮಾಯುವವರೆಗೆ ಹೊಟ್ಟೆಯ ಬಲಗಡೆ ಕರುಳಿನ ಬಾಯಿಯೊಂದನ್ನು ಹೊರಗೆ ತೆಗೆದು, ಅದಕ್ಕೆ ಪ್ಲಾಸ್ಟಿಕ್ಕಿನ ಚೀಲ ಅಂಟಿಸಿದರು. ಮಲ ಆ ಚೀಲಕ್ಕೇ ಬೀಳಬೇಕು. ಮೊದಲ ಸಲ ನರ್ಸು ಬಟ್ಟೆ ಸರಿಸಿ ತೋರಿಸಿದಾಗ, ದಾಳಿಂಬೆ ಬಣ್ಣದ ಆ ಒದ್ದೆ ತುಂಡು ತನ್ನಷ್ಟಕ್ಕೆ ತಾನೇ ಅಲುಗುತ್ತಿತ್ತು. ಕೇಶರಬಾಯಿ ಮುಖ ತಿರುಗಿಸಿಕೊಂಡರು. ಪಕ್ಕದಲ್ಲಿ ಕೈ ಹಿಡಿಯುವವರು ಯಾರೂ ಇರಲಿಲ್ಲ. ಪಂಢರಿ ಆಪರೇಷನ್ ದಿನ ಬಂದು, ಸಹಿ ಹಾಕಿ, ಸಂಜೆ ರೈಲಿಗೇ ಭಾಲ್ಕಿಗೆ ಹೋಗಿದ್ದ.

ಬೀದರಿಗೆ ಬಂದಾಗ ಬೇಸಿಗೆ ಮುಂದೆ ಬಂದು ಕೂತಿತ್ತು. ಆ ವರ್ಷ ಕಾರಂಜಾ ಜಲಾಶಯದ ತಳದಲ್ಲಿ ದನ ಮೇಯುತ್ತಿದ್ದವು. ಮೈಲೂರಿನ ನಳಕ್ಕೆ ನೀರು ಬರುವುದು ವಾರಕ್ಕೋ ಎರಡು ವಾರಕ್ಕೋ ಒಮ್ಮೆ, ಟ್ಯಾಂಕರ್ ಬಂದರೆ ಬಂತು. ದೊಡ್ಡ ಕರುಳು ಇಲ್ಲದವರ ಮೈ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಕುಡಿದದ್ದೆಲ್ಲ ಚೀಲಕ್ಕೆ ಇಳಿಯುತ್ತದೆ. ಉಪ್ಪು ಸಕ್ಕರೆ ಹಾಕಿದ ನೀರು ಮೇಲಿಂದ ಮೇಲೆ ಕುಡಿಯಿರಿ, ಚೀಲ ತೊಳೆಯಿರಿ, ಸುತ್ತಲಿನ ಚರ್ಮ ತೊಳೆಯಿರಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಕೊಡದಲ್ಲಿ ನೀರಿರುತ್ತಿರಲಿಲ್ಲ. ಕುಡಿದರೆ ತೊಳೆಯಲು ಇಲ್ಲ, ತೊಳೆದರೆ ಕುಡಿಯಲು ಇಲ್ಲ. ಎರಡು ಸಲ ಕಾಲಿನ ಸ್ನಾಯು ಹಿಡಿದುಕೊಂಡು, ನಾಲಿಗೆ ಒಣಗಿ, ಖೋಲಿಯ ನೆಲದ ಮೇಲೆ ಬಿದ್ದರು.

ಮನೆಯೊಡತಿ ವಿಮಲಾಬಾಯಿ ಕೆಟ್ಟವರಲ್ಲ. ಮೊದಮೊದಲು ಗಂಜಿ ಕಳಿಸಿದರು. ಆದರೆ ಬಚ್ಚಲು ಎಲ್ಲ ಬಾಡಿಗೆದಾರರಿಗೂ ಒಂದೇ. ಒಂದು ಬೆಳಿಗ್ಗೆ ಬಾಗಿಲ ಹೊರಗೇ ನಿಂತು ಅಂದರು, "ಕೇಶರಬಾಯಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮಂದಿ ವಾಸನಿ ಅಂತಾರ. ನೀವು ಎಲ್ಲಾರದು ಆದ ಮ್ಯಾಲೆ ಹೋಗ್ರಿ."

"ಹೂಂ ರಿ," ಎಂದರು ಕೇಶರಬಾಯಿ. ಆ ಮೇಲೆ ಗಂಜಿ ಬರುವುದೂ ನಿಂತಿತು. ನೀರಿಗಾಗಿ ಗಫೂರರೇ ದಿಕ್ಕಾದರು. ಅವರ ಬೀಗರ ಬಾವಿ ಕಮಠಾಣದಲ್ಲಿತ್ತು, ಅದಿನ್ನೂ ಬತ್ತಿರಲಿಲ್ಲ. ಡ್ಯೂಟಿ ಮುಗಿಸಿ ಸ್ಕೂಟರಿನ ಮೇಲೆ ಎರಡು ಕ್ಯಾನು ತಂದು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. "ಬಾಯಿ, ಪಾನಿ," ಎಂದು ಒಂದು ಕೂಗು, ಅಷ್ಟೇ. ದಿನವಿಡೀ ನೂರಾರು ಜನರ ಗದ್ದಲದಲ್ಲಿ ಹತ್ತು ವರ್ಷ ಕಳೆದವರಿಗೆ ಆಗ ದಿನಕ್ಕೆ ಕೇಳುತ್ತಿದ್ದ ಮನುಷ್ಯನ ಮಾತು ಆ ಎರಡೇ. ಕೆಲವು ದಿನ ಟಿಕೆಟ್ ಕೇಳುವ ಧಾಟಿಯಲ್ಲಿ "ಯಾರ್ರೀ, ಸಂತಪುರ, ಔರಾದ" ಎಂದು ತಾವೇ ಮೆಲ್ಲಗೆ ಅಂದುಕೊಳ್ಳುತ್ತಿದ್ದರಂತೆ, ದನಿ ಇದೆಯೋ ಇಲ್ಲವೋ ನೋಡಲು.

ಚೈತ್ರದಲ್ಲಿ, ಚೀಲ ಇನ್ನೂ ಹೊಟ್ಟೆಯ ಮೇಲಿರುವಾಗಲೇ, ಅವರು ಸಡಿಲ ಕೋಟು ಹಾಕಿಕೊಂಡು ಭಾಲ್ಕಿಗೆ ಹೋದರು. ಪಂಢರಿಯ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೋರಿನಲ್ಲಿ ನೀರಿಲ್ಲದೆ ಬರಿದೇ ತಿರುಗಿ ಸುಟ್ಟುಹೋದ ಮೋಟಾರುಗಳು ಭಾತಂಬ್ರಾದಿಂದ, ಸುತ್ತಲ ಹಳ್ಳಿಗಳಿಂದ ಬಂದು ಬಾಗಿಲವರೆಗೆ ಬಿದ್ದಿದ್ದವು. ಕೇಶರಬಾಯಿ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದರು. ಪಂಢರಿ ತಲೆ ಎತ್ತದೆ ತಾಮ್ರದ ತಂತಿ ಸುತ್ತುತ್ತಿದ್ದ.

"ಅಂಗಡಿ ಬಿಟ್ಟು ಬರಲಕ್ಕ ಆಗಂಗಿಲ್ಲ ಅಕ್ಕ. ನೋಡ್ತಿಲ್ಲ, ಎಷ್ಟು ಬಿದ್ದಾವ."

"ರಕ್ತ ಕೊಟ್ಟು ಬಂದ್ರ ಸಾಕೋ. ಒಂದೇ ದಿನ."

ಒಳಗಿನಿಂದ ಅವನ ಹೆಂಡತಿ ಬಂದಳು. "ಅಕ್ಕಾರ, ಮಿತ್ರಾಗ ವರ ನೋಡಲಕತ್ತೀವಿ. ಉದಗೀರದವರು ಬಂದು ಹೋಗ್ಯಾರ. ಮನೆತನದಾಗ ಇಂಥಾದ್ದು ಅದ ಅಂತ ಗೊತ್ತಾದ್ರ ಯಾರು ಮಾಡ್ಕೋತಾರ್ರಿ? ನಿಮಗಂತೂ ಹಿಂದ ಮುಂದ ಯಾರಿಲ್ಲ."

ಮಿತ್ರಾ ಅಂದರೆ ಮಗಳು ಸಂಘಮಿತ್ರಾ, ಇಪ್ಪತ್ತರ ಹುಡುಗಿ. ಬೀದರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದಳು. ಕೇಶರಬಾಯಿ ತಮ್ಮನ ಮುಖ ನೋಡಿದರು. ಅವನು ತಂತಿ ಸುತ್ತುತ್ತಲೇ ಇದ್ದ. ಹೊರಡುವಾಗ ಮಾತ್ರ ಬಾಗಿಲವರೆಗೆ ಬಂದು, "ಸ್ವಲ್ಪ ದಿನ ಈ ಕಡಿ ಬರಬ್ಯಾಡ ಅಕ್ಕ. ಸಂಬಂಧ ಒಂದು ಕೂಡಲಿ," ಎಂದ.

ಮೇ ತಿಂಗಳಿನಲ್ಲಿ ಹೊಟ್ಟೆಯ ಮೇಲಿನ ಬಾಯಿಯನ್ನು ಮುಚ್ಚಿದರು. ಚೀಲ ಹೋಯಿತು, ಆದರೆ ದಿನಕ್ಕೆ ಎಂಟು ಹತ್ತು ಸಲ ಹೋಗಬೇಕಾಗುತ್ತಿತ್ತು. ಸಂತಪುರದ ದಾರಿಯಲ್ಲಿ ಒಂದು ಹೆಂಗಸು ಬಸ್ಸು ನಿಲ್ಲಿಸಿ ಎಲ್ಲಿಗೆ ಹೋಗಬೇಕು? ಕಂಡಕ್ಟರ್ ಕೆಲಸ ಬಿಡಿಸಿ, ಅವರನ್ನು ಬೀದರ ಡಿಪೋದಲ್ಲಿ ಟಿಕೆಟ್ ಮಷೀನು ಕೊಡುವ ಖೋಲಿಗೆ ಹಾಕಿದರು. ಬೆಳಿಗ್ಗೆ ಒಂದು ಕಿಂಡಿಯಲ್ಲಿ ಮಷೀನು ಕೊಡುವುದು, ಸಂಜೆ ಅದೇ ಕಿಂಡಿಯಲ್ಲಿ ತೆಗೆದುಕೊಳ್ಳುವುದು. ನಡುವೆ ಚಾರ್ಜಿಗೆ ಹಾಕಿದ ಮಷೀನುಗಳ ಜೊತೆ ಕೂಡುವುದು. ಪಕ್ಕದಲ್ಲೇ ಶೌಚಾಲಯ ಇದೆಯಲ್ಲ, ಅದೇ ದೊಡ್ಡದು ಎಂದು ಅವರು ನಗುತ್ತ ಹೇಳುತ್ತಿದ್ದರು. ನಾನು ರಜೆಯ ದಿನಗಳಲ್ಲಿ ಆ ಕಡೆ ಹೋದರೆ ಕಿಂಡಿಯಲ್ಲಿ ನಿಂತು ಮಾತಾಡಿಸುತ್ತಿದ್ದೆ. ಈ ಕಥೆಯ ಬಹುಪಾಲು ಆ ಕಿಂಡಿಯಲ್ಲೇ ಕೇಳಿದ್ದು.

ಅತ್ತ ಪ್ರಯೋಗಶಾಲೆಯಲ್ಲಿ ಅವರ ರಕ್ತದ ಪರೀಕ್ಷೆ ಬೇಗ ಮುಗಿಯಲಿಲ್ಲ. ಮೊದಲ ಸಲ ಜೀನಿನ ಅಕ್ಷರಗಳನ್ನು ಒಂದೊಂದಾಗಿ ಓದಿ ನೋಡಿದಾಗ ಏನೂ ತಪ್ಪು ಕಾಣಲಿಲ್ಲ. ಡಾ. ಮುನೀರೋದ್ದೀನ ಬಿಡಲಿಲ್ಲ. ಬೇರೆ ವಿಧಾನದಲ್ಲಿ ಮತ್ತೆ ಅಳೆದರು. ಆ ಭಾದ್ರಪದದಲ್ಲಿ ಮಳೆ ಹುಚ್ಚೆದ್ದು ಸುರಿದು, ಮಾಂಜ್ರಾ ತುಂಬಿ ಹರಿದು, ಗುಳೆ ಹೋದವರಲ್ಲಿ ಕೆಲವರು ಗಂಟು ಹೊತ್ತು ಊರಿಗೆ ಮರಳಿದರು. ಆ ದಿನಗಳಲ್ಲೇ ಡಾಕ್ಟರ ಫೋನ್ ಬಂತು.

"ಸಿಕ್ತು ಬಾಯಿ. ನಾವು ಅಕ್ಷರದ ತಪ್ಪು ಹುಡುಕಲಕತ್ತಿದ್ವಿ. ಇಲ್ಲಿ ಒಂದು ಹಾಳಿ ಪೂರಾ ಹರದು ಹೋಗ್ಯಾದ. ಹಾಳಿನೇ ಇಲ್ಲಾಂದ್ರ ತಪ್ಪು ಹ್ಯಾಂಗ ಕಾಣಬೇಕು? ಇನ್ನ ನಿಮ್ಮ ಮನೆತನದವರು ಯಾರು ಬಂದ್ರೂ ಒಂದು ಸಿರಿಂಜ್ ರಕ್ತದಾಗ ಹೇಳ್ತೀವಿ, ಅದನೋ ಇಲ್ಲೋ."

ಅದನ್ನು ಯಾರಿಗೆ ಹೇಳುವುದು ಎಂದು ಕೇಶರಬಾಯಿ ಕೂತಿದ್ದಾಗ ಒಂದು ಭಾನುವಾರ ಸಂಘಮಿತ್ರಾ ತಾನಾಗಿಯೇ ಮೈಲೂರಿಗೆ ಬಂದಳು. ಚೈತ್ರದಲ್ಲಿ ಅತ್ತೆ ಭಾಲ್ಕಿಗೆ ಬಂದ ದಿನ ತಾನೂ ರಜೆಗೆ ಮನೆಯಲ್ಲಿದ್ದು, ಅಂಗಡಿಯ ಬಾಗಿಲ ಹಿಂದೆ ನಿಂತು ಆ ಮಾತೆಲ್ಲ ಕೇಳಿದ್ದಳಂತೆ. ಕಾಲೇಜಿನಲ್ಲಿ ಆ ಪಾಠವೂ ಆಗಿತ್ತು.

"ಅತ್ತಿ, ನಾ ರಕ್ತ ಕೊಡ್ತೇನಿ."

"ನಿಮ್ಮಪ್ಪಗ ಕೇಳೀ ಏನು?"

"ನನ್ನ ರಕ್ತಕ್ಕ ಅವರ್ನ ಯಾಕ ಕೇಳಬೇಕು?"

ಹೈದರಾಬಾದಿನಲ್ಲಿ ಡಾಕ್ಟರು ಅವಳನ್ನು ಕೂಡಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಒಂದು ಮಾತನ್ನು ಎರಡೆರಡು ಸಲ ಹೇಳಿದರು. ಅವಳಲ್ಲಿ ಆ ದೋಷ ಇದ್ದರೆ ಅದು ಅಪ್ಪನಿಂದಲೇ ಬಂದಿರಬೇಕು. ಅಪ್ಪ ಪರೀಕ್ಷೆ ಮಾಡಿಸದಿದ್ದರೂ ಅವನ ಫಲಿತಾಂಶ ಅವಳಿಗೆ ಗೊತ್ತಾಗಿಬಿಡುತ್ತದೆ. ಅದನ್ನು ಹೊತ್ತುಕೊಳ್ಳಲು ಆಗುತ್ತದೆಯೇ? ಸಂಘಮಿತ್ರಾ ಆಗುತ್ತದೆ ಎಂದಳು. ಇಪ್ಪತ್ತರ ವಯಸ್ಸು ಯಾವುದಕ್ಕೂ ಆಗುತ್ತದೆ ಎನ್ನುತ್ತದೆ.

ದೋಷ ಇತ್ತು. ಫಲಿತಾಂಶ ಕೇಳಿ ಬಂದ ದಿನ ರೈಲಿನಲ್ಲಿ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಜಹೀರಾಬಾದ ದಾಟಿದ ಮೇಲೆ ಒಂದೇ ಮಾತು ಹೇಳಿದಳು. "ಅಪ್ಪಗ ನಾ ಹೇಳಂಗಿಲ್ಲ ಅತ್ತಿ. ನೀ ಹೇಳು."

ಕೇಶರಬಾಯಿ ಮತ್ತೆ ಭಾಲ್ಕಿಗೆ ಹೋದರು. ಮಳೆಯಾದದ್ದರಿಂದ ಅಂಗಡಿ ಖಾಲಿಯಾಗಿತ್ತು. ಪಂಢರಿ ಒಂದೇ ಒಂದು ಮೋಟಾರು ಮುಂದಿಟ್ಟುಕೊಂಡು ಕೂತಿದ್ದ. ತೆಳ್ಳಗಾಗಿದ್ದ, ಕೊರಳ ಗುಂಡಿ ಹಾಕಿದ್ದರೂ ಅಂಗಿ ಜಾರುತ್ತಿತ್ತು. ಅವರು ಬಾಗಿಲು ಅರ್ಧ ಎಳೆದು, ಸ್ಟೂಲಿನ ಮೇಲೆ ಕೂತು, ಮಿತ್ರಾಳ ಪರೀಕ್ಷೆಯ ವಿಷಯ ಹೇಳಿದರು. ಅಂದರೆ ಅವನದೂ ಎಂದು ಹೇಳಬೇಕಾಗಲಿಲ್ಲ. ಅವನು ಸುತ್ತುತ್ತಿದ್ದ ತಂತಿಯ ಲೆಕ್ಕ ತಪ್ಪಿತು. ಸುತ್ತಿದ್ದನ್ನೆಲ್ಲ ಬಿಚ್ಚತೊಡಗಿದ.

"ನನಗ ಗೊತ್ತದ ಅಕ್ಕ."

"ಏನು ಗೊತ್ತದ?"

"ರಕ್ತ ಹೋಗಲಕತ್ತಿ ಎರಡು ವರ್ಷ ಆಯ್ತು. ನೀ ಮೊದಲ್ನೇ ಸಲ ಬಂದಾಗೂ ಹೋಗ್ತಿತ್ತು."

"ಹೇಳಬಾರದೇನೋ ಪಂಢರಿ!" ಕೇಶರಬಾಯಿಯ ದನಿ ಏರಿತು. "ಯಾಕ ಸುಮ್ಮ ಕುಂತಿ?"

"ನೀ ಯಾರಿಗೆ ಹೇಳಿದ್ದಿ ಅಕ್ಕ? ಬಸ್ಸಿನ್ಯಾಗ ಬಿದ್ದ ಮ್ಯಾಲೇ ಎಲ್ಲಾರಿಗೂ ಗೊತ್ತಾಯ್ತು." ಅವನು ತಲೆ ಎತ್ತಿದ. "ಅಪ್ಪ ಹೋಗುವಾಗ ಹ್ಯಾಂಗ ಇದ್ದ, ನಾ ನೋಡೀನಿ. ನನಗ ಆ ಹೆಸರು ಕೇಳೋದು ಬ್ಯಾಡಾಗಿತ್ತು. ಮಗಳಿಗೂ ಕೊಟ್ಟೀನಿ ಅಂತ ಹ್ಯಾಂಗ ಕೇಳಲಿ?"

ಅಕ್ಕ ತಮ್ಮ ಇಬ್ಬರೂ ಆ ಖಾಲಿ ಅಂಗಡಿಯಲ್ಲಿ ಸಂಜೆಯವರೆಗೆ ಕೂತಿದ್ದರು. ಮರುವಾರ ಅವನು ಹೈದರಾಬಾದಿಗೆ ಬಂದ. ಆ ಹೊತ್ತಿಗೆ ಕ್ಯಾನ್ಸರ್ ಕರುಳು ದಾಟಿ ಯಕೃತ್ತಿಗೆ ಹೋಗಿತ್ತು. ಔಷಧಿಯ ಬಾಟಲಿ ಏರಿಸಿ ಏರಿಸಿ ಕೆಲವು ತಿಂಗಳು ಎಳೆದರು. ಮುಂದಿನ ಯುಗಾದಿ ಆದಮೇಲೆ ಭಾಲ್ಕಿಯ ಮನೆಯಲ್ಲಿ ಪಂಢರಿ ತೀರಿಕೊಂಡ. ಅವನಿಗೆ ನಲವತ್ತೂ ಆಗಿರಲಿಲ್ಲ.

ಬುದ್ಧವಂದನೆ ಮುಗಿದು ಜನ ಊಟಕ್ಕೆ ಏಳುವಾಗ ಪಂಢರಿಯ ಹೆಂಡತಿ ಕೇಶರಬಾಯಿಯ ಮುಂದೆ ಬಂದು ನಿಂತಳು. ಅಳು ಆಗಲೇ ಬತ್ತಿತ್ತು.

"ನೀವು ಬರೋತನಕ ನಮ್ಮ ಮನ್ಯಾಗ ಯಾವ ಬ್ಯಾನಿನೂ ಇರಲಿಲ್ರಿ. ನೀವೇ ಹೆಸರು ಇಟ್ರಿ, ನೀವೇ ತಂದ್ರಿ. ಇನ್ನ ನನ್ನ ಮಗಳ ತಂಟಿಗೆ ಬರಬ್ಯಾಡ್ರಿ."

ಕೇಶರಬಾಯಿಗೆ ಹೇಳಲು ಬೇಕಾದಷ್ಟಿತ್ತು. ಎರಡು ವರ್ಷ ಮೊದಲು ಬಂದಿದ್ದರೆ ಅವನು ಬದುಕುತ್ತಿದ್ದ ಎಂಬುದು ಅವುಗಳಲ್ಲಿ ಒಂದು. ಸತ್ತವನ ಮನೆಯಲ್ಲಿ ಆ ಮಾತು ಆಡಿ ಏನು ಸಿಗುತ್ತದೆ? ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು. ಹಿಂದಿನಿಂದ ಯಾರೂ ಕರೆಯಲಿಲ್ಲ.

ಆದರೆ ಸಂಘಮಿತ್ರಾ ತಾಯಿಯ ಮಾತು ಕೇಳಲಿಲ್ಲ. ಮರುವರ್ಷ ಪದವಿ ಮುಗಿದದ್ದೇ ಹೈದರಾಬಾದಿನಲ್ಲಿ ಅವಳ ಕರುಳನ್ನೂ ತೆಗೆದರು. ಅವಳ ಗುಳ್ಳೆಗಳಲ್ಲಿ ಒಂದೂ ಕೆಟ್ಟಿರಲಿಲ್ಲ. ಸಣ್ಣ ರಂಧ್ರಗಳಿಂದಲೇ ಮಾಡಿದ ಆಪರೇಷನ್, ಬೇಗ ಎದ್ದು ಕೂತಳು. ಕೇಶರಬಾಯಿ ರಜೆ ಹಾಕಿ ಜೊತೆಗಿದ್ದರು. ನರ್ಸು ಚೀಲ ತೋರಿಸಲು ಬಂದಾಗ ಅವರು ಎದ್ದು ಮಂಚದ ತುದಿಯಲ್ಲಿ ಕೂತು ಸಂಘಮಿತ್ರಾಳ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು.

"ನೋಡು. ಕರುಳು ತನ್ನಷ್ಟಕ್ಕ ಹಂಗೇ ಅಲುಗ್ತದ, ಅದಕ್ಕ ನೋವು ಗೊತ್ತಾಗಂಗಿಲ್ಲ. ಹೆದರಬ್ಯಾಡ. ಊಟಾದ ತಾಸಿಗೆ ತುಂಬ್ತದ, ಅರ್ಧಾ ಆದಾಗೇ ಖಾಲಿ ಮಾಡು. ಪೂರಾ ತುಂಬಗೊಟ್ರ ಅಂಟು ಬಿಡ್ತದ."

"ನಿನಗ ಯಾರು ಹೇಳಿ ಕೊಟ್ರು ಅತ್ತಿ?"

"ಯಾರಿಲ್ಲ. ಬಿಟ್ಟಾಗ ಗೊತ್ತಾಯ್ತು."

ಸಂಘಮಿತ್ರಾ ನಕ್ಕಳು. ಹೊಲಿಗೆ ಹಿಡಿದುಕೊಂಡು, ನೋವಿನಲ್ಲೇ ನಕ್ಕಳು. ಕೇಶರಬಾಯಿಯೂ ನಕ್ಕರು. ಆ ಇಪ್ಪತ್ತು ದಿನ ತಮ್ಮ ಬದುಕಿನಲ್ಲಿ ಒಳ್ಳೆಯ ದಿನಗಳಾಗಿದ್ದವು ಎಂದು ಅವರು ನನಗೆ ಹೇಳಿದಾಗ ಸ್ವಲ್ಪ ನಾಚಿಕೊಂಡಿದ್ದರು, ಆಸ್ಪತ್ರೆಯ ದಿನಗಳನ್ನು ಒಳ್ಳೆಯ ದಿನ ಎಂದದ್ದಕ್ಕೆ. ವಾರ್ಡಿನ ಬಾಲ್ಕನಿಯಲ್ಲಿ ಇಬ್ಬರೂ ಮೊಸರನ್ನ ತಿನ್ನುತ್ತಿದ್ದರಂತೆ. ಆಮೇಲೆ ತಾಯಿ ಬಂದು ಮಗಳನ್ನು ಕರೆದುಕೊಂಡು ಹೋದಳು. ಮಗಳಿಗೂ ತಾಯಿಗೂ ನಡುವೆ ರಾಜಿಯಾಗಿತ್ತು. ಆ ರಾಜಿಯಲ್ಲಿ ಅತ್ತೆ ಇರಲಿಲ್ಲ.

ಸಂಘಮಿತ್ರಾ ಈಗ ಹೈದರಾಬಾದಿನಲ್ಲೇ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದಾಳೆ. ಮದುವೆಯಾಗಿದೆ. ಹುಡುಗನಿಗೆ ಎಲ್ಲ ಹೇಳಿಯೇ ಆದದ್ದು. ಮದುವೆಗೆ ಕೇಶರಬಾಯಿಗೆ ಕರೆ ಬಂತು. ಹೋದರು, ಹಿಂದಿನ ಸಾಲಿನಲ್ಲಿ ಕೂತು ಅಕ್ಕಿಕಾಳು ಹಾಕಿ ಬಂದರು. ಆಗೊಮ್ಮೆ ಈಗೊಮ್ಮೆ ಅವಳ ಫೋನ್ ಬರುತ್ತದೆ. ಎಷ್ಟು ಸಲ ಹೋಗ್ತೀ, ನೀರು ಎಷ್ಟು ಕುಡೀತಿ, ವರ್ಷದ ತಪಾಸಣೆ ಆಯ್ತೇನು ಎಂದು ಅವರು ಕೇಳುತ್ತಾರೆ. ಅವಳೂ ಅದನ್ನೇ ಕೇಳುತ್ತಾಳೆ. ಅದು ಮುಗಿದ ಮೇಲೆ ಇಬ್ಬರಿಗೂ ಮಾತು ಸಿಗುವುದಿಲ್ಲ.

ಉಳಿದದ್ದು ಕಾಶೀರಾಮ ಕಾಕಾನ ಕಡೆಯವರು. ಅವನಲ್ಲೂ ದೋಷ ಇದ್ದಿದ್ದರೆ, ಅವನ ಮಕ್ಕಳು ಮೊಮ್ಮಕ್ಕಳು ಎಲ್ಲೋ ಯಾವುದೋ ಕಾರಣ ಹೇಳಿಕೊಂಡು ಸಾಯುತ್ತಿರಬಹುದು. ಈ ವಿಚಾರ ಕೇಶರಬಾಯಿಯನ್ನು ಸುಮ್ಮನಿರಗೊಡಲಿಲ್ಲ. ಕಮಲನಗರದ ಸಂತೆಯಲ್ಲಿ, ಔರಾದದ ಕಡೆಯ ಹಳ್ಳಿಗಳಲ್ಲಿ, ಎಪ್ಪತ್ತೆರಡರಲ್ಲಿ ಮುಂಬಯಿಗೆ ಹೋಗಿ ಬಂದ ಮುದುಕರನ್ನು ಹುಡುಕಿ ಹುಡುಕಿ ಕೇಳಿದರು. ಬಹಳ ಜನಕ್ಕೆ ನೆನಪಿರಲಿಲ್ಲ. ಕೊನೆಗೆ ಶಾಲುಬಾಯಿ ಎಂಬ ಮುದುಕಿ, ಕಾಶೀರಾಮ ಕಲ್ಯಾಣದಲ್ಲಿ ರೈಲ್ವೆ ಗೋದಾಮಿನ ಹಮಾಲನಾಗಿದ್ದ, ಅವನ ಕೇರಿಯಲ್ಲೇ ತಾನೂ ಇದ್ದೆ ಎಂದಳು. ಕೇರಿಯ ಹೆಸರೂ ಹೇಳಿದಳು.

ಮಹಾಮಾರಿ ಬರುವ ಹಿಂದಿನ ಚಳಿಗಾಲದಲ್ಲಿ ಕೇಶರಬಾಯಿ ಒಬ್ಬರೇ ಕಲ್ಯಾಣಕ್ಕೆ ಹೋದರು. ದೂರದ ಪ್ರಯಾಣ ಅವರಿಗೆ ಸುಲಭವಲ್ಲ. ಹಿಂದಿನ ದಿನದಿಂದ ಊಟ ಬಿಟ್ಟಿದ್ದರು. ಕಾಕಾ ಯಾವಾಗಲೋ ಸತ್ತಿದ್ದ. ಸೆರೆ ಕುಡಿದು ಸತ್ತ ಎಂದು ಅಲ್ಲಿಯವರು ತಿಳಿದಿದ್ದರು. ಮಗ ಒಂದು ಸಣ್ಣ ಅಂಗಡಿಯಲ್ಲಿ ಸೂಟ್‌ಕೇಸು, ಬ್ಯಾಗು ದುರಸ್ತಿ ಮಾಡುತ್ತಿದ್ದ. ನಲವತ್ತರ ಆಸುಪಾಸು. ಕನ್ನಡ ಒಂದಕ್ಷರ ಬರುತ್ತಿರಲಿಲ್ಲ, ಮರಾಠಿಯಲ್ಲೇ ಮಾತು. ಅವನ ಮುಖ ನೋಡಿದಾಗ ಪಂಢರಿಯೇ ಎದ್ದು ಬಂದಂತಾಯಿತು. ಅದೇ ಹುಬ್ಬು, ಅದೇ ರೀತಿ ತಲೆ ಎತ್ತದೆ ಕೆಲಸ ಮಾಡುವುದು.

ಅವನು ಚಹಾ ತರಿಸಿದ. ಎಲ್ಲವನ್ನೂ ಕೇಳಿದ. ಎಲ್ಲಿಂದಲೋ ಬಂದ ಅಪರಿಚಿತ ಹೆಂಗಸು, ನಾನು ನಿನ್ನ ಅಕ್ಕ, ನಿನ್ನ ರಕ್ತದಲ್ಲಿ ಸಾವು ಇರಬಹುದು ಎನ್ನುತ್ತಿದ್ದಾಳೆ. ಅವನು ಬೈಯಲಿಲ್ಲ. ಡಾಕ್ಟರ ಕಾರ್ಡು ತೆಗೆದುಕೊಂಡು ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಮನೆಗೆ ಬಾ ಎನ್ನಲಿಲ್ಲ. ಹೊರಡುವಾಗ, ಮನೆಯಲ್ಲಿ ಇಬ್ಬರು ಗಂಡುಮಕ್ಕಳಿದ್ದಾರೆ, ಅವರ ಮುಂದೆ ಈ ಮಾತು ಬೇಡ, ಮತ್ತೆ ಬರಬೇಡ ಎಂದು ಕೈಮುಗಿದ. ಆ ಮಕ್ಕಳನ್ನು ಒಂದು ಸಲ ದೂರದಿಂದ ನೋಡಬೇಕೆಂದು ಕೇಶರಬಾಯಿಗೆ ಆಸೆಯಿತ್ತು. ಕೇಳಲಿಲ್ಲ.

ನಾನು ಅವರನ್ನು ಕೊನೆಯ ಸಲ ಮಾತಾಡಿಸಿದ್ದು ಹೋದ ವರ್ಷ. ಗಫೂರ ನಿವೃತ್ತರಾಗಿ ಮಗಳ ಊರಿಗೆ ಹೋಗಿದ್ದಾರೆ. ಕೇಶರಬಾಯಿ ಅದೇ ಕಿಂಡಿಯಲ್ಲಿದ್ದರು, ತಲೆ ಪೂರ್ತಿ ನೆರೆತಿತ್ತು. ತಮ್ಮ ಮನೆತನದಲ್ಲಿ ಅಜ್ಜನ ಕಾಲದಿಂದ ಇಷ್ಟು ವಯಸ್ಸಾದವರು ತಾವೇ ಎಂದು ಹೇಳಿದರು. ಹೇಳುವಾಗ ಹೆಮ್ಮೆಯಿರಲಿಲ್ಲ, ಕೊರಗೂ ಇರಲಿಲ್ಲ. ಸುಮ್ಮನೆ ಹೇಳಿದರು. ಕಲ್ಯಾಣದವರು ಬಂದು ಪರೀಕ್ಷೆ ಮಾಡಿಸಿದರೇ ಎಂದು ನಾನು ಕೇಳಿದೆ.

"ಗೊತ್ತಿಲ್ರಿ ಸರ್. ಡಾಕ್ಟರ್‌ಗೆ ಫೋನ್ ಮಾಡಿ ಕೇಳಿದ್ದೆ."

"ಏನಂದ್ರು?"

"ಅದು ನಾ ಹೇಳಂಗಿಲ್ಲ ಬಾಯಿ, ಬಂದವರದು ಬಂದವರಿಗಷ್ಟೇ ಹೇಳಬೇಕು ಅಂದ್ರು. ಖರೇ ಅದ. ಮಿತ್ರಾಂದೂ ಅವರಪ್ಪಗ ಹೇಳದಂಗ ಹಂಗೇ ಮುಚ್ಚಿಟ್ಟಿದ್ರು." ಅವರು ಒಂದು ಮಷೀನಿನ ವೈರು ಸರಿಮಾಡಿದರು. "ಆದ್ರ ಹೇಳಂಗಿಲ್ಲ ಅನ್ನೋ ಮುಂಚೆ ಜರಾ ತಡದ್ರು, ಸರ್. ಬಂದಿರಬೇಕು ಅಂತ ನಾ ತಿಳಕೊಂಡೀನಿ."

ಅಷ್ಟರಲ್ಲಿ ಕಂಡಕ್ಟರೊಬ್ಬ ಬಂದು ಕಿಂಡಿಯಲ್ಲಿ ಕೈ ಚಾಚಿದ. ಕೇಶರಬಾಯಿ ಮಷೀನಿನ ನಂಬರು ಓದಿ ಹೇಳಿ, ಸಹಿ ಮಾಡಿಸಿಕೊಂಡು, ಅದನ್ನು ಅವನ ಕೈಗೆ ಕೊಟ್ಟರು.